ಹೊಸ್ತಿಲಲ್ಲಿ ಪಾಳಿ ಬದಲಿಸುವವರು

ಒಂದು ಜಡೆ ಹೆಣೆದು ಮುಗಿದಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಪಾಲು ಮಾಡಿ ಬೆರಳಲ್ಲಿ ಹಿಡಿದಿದ್ದಳು ಅವಳು. ಸ್ಟೂಲಿನ ಮೇಲೆ ಕೂತ ಮಗಳು ಗುಬ್ಬಿ ಕಾಲು ಆಡಿಸುತ್ತಾ, ಬಾಚಣಿಗೆಯ ಹಲ್ಲುಗಳನ್ನು ಉಗುರಿನಿಂದ ಟರ್ರ್ ಎನಿಸುತ್ತಿದ್ದಳು.

ಬಾಗಿಲು ತೆರೆಯಿತು.

ದಿನವೂ ಮೊದಲು ಚಪ್ಪಲಿ ಬಿಡುವ ಗಂಡ ಇವತ್ತು ಬಿಡಲಿಲ್ಲ. ರಾತ್ರಿಯಿಡೀ ಬೇಕರಿಯ ಒಲೆಯ ಮುಂದೆ ನಿಂತು ಬಂದ ಮುಖ. ಮೊಣಕೈವರೆಗೆ ಹಿಟ್ಟು. ಹೊಸ್ತಿಲಲ್ಲೇ ನಿಂತು ಹೇಳಿದ.

"ಟ್ರಾವೆಲ್ಸ್‌ನವರು ಫೋನ್ ಮಾಡಿದ್ರು. ನಿನ್ನ ಫೋನ್ ಸಿಗ್ತಿಲ್ವಂತೆ."

ಅವಳ ಬೆರಳುಗಳು ನಿಂತವು.

"ಹೊರದೇಶಕ್ಕೆ ಟಿಕೆಟ್... ಒಬ್ಬರಿಗೇನಾ ಅಂತ ಕೇಳಿದ್ರು. ಏನಂತ ಹೇಳ್ಲಿ?"

ಬಾಚಣಿಗೆಯ ಸದ್ದೂ ನಿಂತಿತು.

'ಹೇಳಬೇಕು ಅಂತಲೇ ಇದ್ದೆನಲ್ಲ... ಆದರೆ ಯಾವಾಗ? ಎಲ್ಲಿ?' ಎಂದುಕೊಂಡಳು ಅವಳು.

"ಒಬ್ಬರಿಗೇ," ಎಂದಳು ಕೊನೆಗೆ. "ನಂಗೆ."

"ಯಾವಾಗ?"

"ಮುಂದಿನ ತಿಂಗಳು. ಹತ್ತು ದಿನ."

"ಓಹೋ."

"ಸಾಕಾಗಿದೆ ರೀ ನಂಗೆ..."

ಯಾಕೆ ಎಂದು ಕೇಳಲಿ! ಒಂದೇ ಒಂದು ಸಲ ಕೇಳಲಿ! ಕೂಗಾಡಲಿ ಬೇಕಾದರೆ! ಅವಳು ಅವನ ಮುಖವನ್ನೇ ನೋಡಿದಳು.

ಅವನು ಬಗ್ಗಿ ಚಪ್ಪಲಿ ಬಿಟ್ಟ. ಕೈ ತೊಳೆದು ಬಂದ. ಅವಳ ಬೆರಳುಗಳಿಂದ ಆ ಮೂರು ಪಾಲು ಕೂದಲನ್ನು ಜೋಪಾನವಾಗಿ ತೆಗೆದುಕೊಂಡ.

"ಆಯ್ತು. ನಾನು ನೋಡ್ಕೋತೀನಿ. ನೀನು ಹೊರಡು, ಹೊತ್ತಾಯ್ತು ನಿಂಗೆ."

ಅಷ್ಟೇ!

ಅವಳು ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು. ಮೇಲಿನಿಂದ ಗುಬ್ಬಿಯ ದನಿ ಕೇಳುತ್ತಿತ್ತು. "ಅಪ್ಪಾ, ಎಳೀಬೇಡ! ಜಡೆ ಅದು, ಹಿಟ್ಟಲ್ಲ!"

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು.

*

ಅವರ ಸಂಸಾರವೇ ಹಾಗೆ.

ಅವಳು ಆಸ್ಪತ್ರೆಯಲ್ಲಿ ನರ್ಸು, ಹಗಲು ಪಾಳಿ. ಅವನು ಬೇಕರಿಯಲ್ಲಿ ಒಲೆ ಮೇಸ್ತ್ರಿ, ರಾತ್ರಿ ಪಾಳಿ. ಗುಬ್ಬಿ ಹುಟ್ಟಿದಾಗ ಇಬ್ಬರೂ ಕೂತು ಮಾಡಿದ ಲೆಕ್ಕಾಚಾರವದು. ಮಗು ಯಾವತ್ತೂ ಒಂಟಿಯಾಗಬಾರದು. ವಾರದ ರಜೆಯನ್ನೂ ಬೇರೆ ಬೇರೆ ದಿನಕ್ಕೆ ಕೇಳಿಕೊಂಡಿದ್ದರು.

ಮಗು ಒಂಟಿಯಾಗಲಿಲ್ಲ. ಆದವರು ಇವರಿಬ್ಬರು!

ಬೆಳಿಗ್ಗೆ ಅವನು ಒಳಗೆ ಬರುವಾಗ ಅವಳು ಹೊರಗೆ. ಸಂಜೆ ಅವಳು ಒಳಗೆ ಬರುವಾಗ ಅವನು ಹೊರಗೆ. ನಡುವೆ ಸಿಗುತ್ತಿದ್ದದ್ದು ಹೊಸ್ತಿಲಿನ ನಾಲ್ಕು ಮಾತು.

"ಹಾಲು ಕಾಯಿಸಿದೀನಿ. ಸ್ವಲ್ಪ ಕೆಮ್ಮಿದೆ. ಮಗ್ಗಿ ಬಾಕಿ."

"ಸರಿ. ಗ್ಯಾಸ್ ಬರುತ್ತೆ, ಬಾಗಿಲು ತೆಗಿ."

ವಾರ್ಡಿನಲ್ಲಿ ಒಬ್ಬ ನರ್ಸು ಇನ್ನೊಬ್ಬಳಿಗೆ ರೋಗಿಗಳನ್ನು ಒಪ್ಪಿಸುವ ಹಾಗೆಯೇ. ಹೇಳಲೇಬೇಕಾದದ್ದಷ್ಟೇ, ಒಂದು ಮಾತು ಹೆಚ್ಚಿಲ್ಲ.

ಮೊದಲು ಹೀಗಿರಲಿಲ್ಲ. ಕೈ ಸುಟ್ಟುಕೊಂಡು ವಾರ್ಡಿಗೆ ಬಂದವನು ಪಟ್ಟಿ ಕಟ್ಟಿಸಿಕೊಳ್ಳುತ್ತಾ, "ಸಿಸ್ಟರ್, ನಾಳೇನೂ ನಿಮ್ಮ ಡ್ಯೂಟೀನೇನಾ?" ಎಂದು ಕೇಳಿದ್ದ. ಗಾಯ ವಾಸಿಯಾದ ಮೇಲೂ ಬಂದು, ಕೈ ಚಾಚಿ, "ಇನ್ನೂ ನೋಯುತ್ತೆ ಸಿಸ್ಟರ್" ಎಂದಿದ್ದ. ಮದುವೆಯಾದ ಮೇಲೂ ಹಾಗೆಯೇ ಕರೆಯುತ್ತಿದ್ದ. ಅವನ ಅಕ್ಕ ಹಣೆ ಹಣೆ ಚಚ್ಚಿಕೊಂಡಿದ್ದಳು. "ಕಟ್ಕೊಂಡ ಹೆಂಡ್ತೀನ ಸಿಸ್ಟರ್ ಅಂತಾನಲ್ಲೇ ಈ ಪುಣ್ಯಾತ್ಮ! ಜನ ಏನಂದ್ಕೊಂಡಾರು?"

ಆ ಕರೆ ಯಾವಾಗ ನಿಂತಿತೋ ಅವಳಿಗೆ ನೆನಪಿಲ್ಲ.

ಈ ಪ್ರವಾಸದ ಯೋಚನೆ ಬಂದ ದಿನ ಮಾತ್ರ ನೆನಪಿತ್ತು. ಅವತ್ತು ಅವಳಿಗೆ ರಜೆ, ಅವನು ಗುಬ್ಬಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋಗಿದ್ದ, ಮನೆಯಲ್ಲಿ ಯಾರೂ ಇಲ್ಲ. ಸ್ನಾನ ಮಾಡುತ್ತಿದ್ದವಳು ಇದ್ದಕ್ಕಿದ್ದಂತೆ "ಬಂದೇ... ಬಂದೇ" ಎಂದು ಕೂಗಿದ್ದಳು. ಯಾರೂ ಕರೆದಿರಲಿಲ್ಲ! ಮೈಮೇಲಿನ ಸೋಪಿನ ನೊರೆ ಹಾಗೇ ಇತ್ತು. ಅವಳು ಗೋಡೆಗೆ ಒರಗಿ ನಿಂತು ಅತ್ತುಬಿಟ್ಟಳು.

ಯಾರೂ ತನ್ನನ್ನು ಕರೆಯದ ಒಂದು ಊರು ಬೇಕು. ತನ್ನ ಭಾಷೆಯೇ ಗೊತ್ತಿಲ್ಲದ ಜನ ಬೇಕು. ಬರೀ ಹತ್ತು ದಿನ...

ಇದನ್ನು ಹೊಸ್ತಿಲಲ್ಲಿ ನಿಂತು, ಹಾಲು ಮತ್ತು ಗ್ಯಾಸಿನ ನಡುವೆ, ಹೇಗೆ ಹೇಳುವುದು?

*

ಹೊರಡುವ ಹಿಂದಿನ ಸಂಜೆ ಬೇಕರಿಗೆ ತಡವಾಗಿ ಬರುತ್ತೇನೆಂದು ಹೇಳಿ ಅವನು ಮನೆಯಲ್ಲಿದ್ದ. ಅಡುಗೆಮನೆಯ ಮೇಜಿನ ಆಚೆ ಅವನು, ಈಚೆ ಅವಳು. ಗುಬ್ಬಿ ಮೇಜಿನ ಕೆಳಗೆ ಬಣ್ಣದ ಪೆನ್ಸಿಲ್ ಹರಡಿಕೊಂಡು ಕೂತಿದ್ದಳು.

ಅವಳು ಹೇಳತೊಡಗಿದಳು.

"ಮೇಲಿನ ಹಲ್ಲು ಅಲ್ಲಾಡ್ತಿದೆ, ಕೈ ಹಾಕೋಕೆ ಬಿಡಬೇಡಿ. ಜ್ವರ ಬಂದ್ರೆ ತಡ ಮಾಡಬೇಡಿ, ಚಿಕ್ಕವಳಿದ್ದಾಗ ಜ್ವರಕ್ಕೆ ಮೈ ಸೆಟೆದುಕೊಂಡಿತ್ತು. ಹುಟ್ಟಿದಾಗ ತೂಕ ಕಮ್ಮಿ ಇತ್ತು, ಡಾಕ್ಟ್ರು ಕೇಳಿದ್ರೆ ಹೇಳಿ. ಎಡಗಿವಿ ಸೋರುತ್ತೆ. ಕತ್ತಲೇಲಿ ಒಬ್ಬಳೇ ಬಾತ್‌ರೂಮಿಗೆ ಹೋಗಲ್ಲ. ಬೈದ್ರೆ ತಕ್ಷಣ ಅಳಲ್ಲ, ಆಮೇಲೆ ಅಳ್ತಾಳೆ..."

ಹೇಳುತ್ತಾ ಹೋದಳು. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಇಷ್ಟು ಹೊತ್ತು ಅವನೆದುರು ಕೂತು ಮಾತಾಡಿ ಎಷ್ಟು ಕಾಲವಾಗಿತ್ತು! ಮಾತು ಮುಗಿದರೆ ಅವನು ಎದ್ದು ಹೋಗುತ್ತಾನೆ. ನಡುವೆ ಎಲ್ಲಾದರೂ, "ಅದಿರಲಿ, ನೀನ್ಯಾಕೆ ಹೋಗ್ತಿದ್ದೀಯ?" ಎನ್ನಬಾರದೇ!

ಅವನು ಮಾತ್ರ ಕಲ್ಲಿನಂತೆ ಕೂತಿದ್ದ.

ಅವನೊಳಗೆ ಏನಾಗುತ್ತಿದೆ ಎಂದು ಅವಳಿಗೆ ತಿಳಿದಿದ್ದರೆ ಆ ಮಾತು ಅಲ್ಲೇ ನಿಲ್ಲುತ್ತಿತ್ತು. ಮದುವೆಯಾದ ಹೊಸದರಲ್ಲಿ ಅವಳೇ ವಾರ್ಡಿನ ಕ್ರಮವನ್ನು ವಿವರಿಸಿದ್ದಳು. ಪಾಳಿ ಮುಗಿಸಿ ಹೋಗುವ ನರ್ಸು ಇವತ್ತಿನದ್ದನ್ನು ಮಾತ್ರ ಹೇಳುತ್ತಾಳೆ. ನಾಳೆ ಮತ್ತೆ ಬರುವವಳಲ್ಲವೇ! ರೋಗಿಯನ್ನು ಶಾಶ್ವತವಾಗಿ ಬೇರೆ ಕಡೆಗೆ ಕಳಿಸುವಾಗ ಮಾತ್ರ ಮೊದಲಿನಿಂದ ಎಲ್ಲವನ್ನೂ ಹೇಳಿ ಕೈತೊಳೆದುಕೊಳ್ಳುತ್ತಾರೆ.

'ಹುಟ್ಟಿದ ತೂಕದವರೆಗೂ ಹೋಗಿದ್ದಾಳೆ...' ಎಂದುಕೊಂಡ ಅವನು. 'ಇದು ಹತ್ತು ದಿನದ ಮಾತಲ್ಲ.'

"ಗೊತ್ತಾಯ್ತಾ?" ಎಂದು ಕೇಳಿದಳು ಅವಳು.

"ಗೊತ್ತಾಯ್ತು," ಎಂದ. ಎದ್ದು ಹೋದ.

ಮೇಜಿನ ಕೆಳಗೆ ಗುಬ್ಬಿ ಬಣ್ಣ ಹಚ್ಚುವುದನ್ನು ಯಾವಾಗಲೋ ನಿಲ್ಲಿಸಿದ್ದಳು.

*

ಆ ಊರಿನಲ್ಲಿ ಅವಳಿಗೆ ಸಿಕ್ಕಿದ್ದು ಮೂರನೇ ಮಹಡಿಯ ಕಿರಿದಾದ ಕೋಣೆ. ಒಂದು ಮಂಚ, ಒಂದು ಕುರ್ಚಿ, ಕೈ ತೊಳೆಯುವ ಬಿಳಿ ಬೋಗುಣಿ. ಕಿಟಕಿಯಾಚೆ ಯಾರದ್ದೋ ಹಾಸುಗಂಬಳಿ ಬಿಸಿಲಿಗೆ ಒಣಗುತ್ತಿತ್ತು.

ಮೊದಲ ದಿನ ನಿದ್ದೆ ಮಾಡಿದಳು. ಎದ್ದಳು. ಮತ್ತೆ ಮಾಡಿದಳು! ಯಾರೂ ಕೇಳುವವರಿರಲಿಲ್ಲ.

ಎರಡನೇ ದಿನ ಒಂದು ಸಣ್ಣ ಹೋಟೆಲಿನಲ್ಲಿ ಬಿಸಿ ಸೂಪನ್ನು ಬಿಸಿ ಇರುವಾಗಲೇ ಕೊನೆಯ ಚಮಚದವರೆಗೆ ಕುಡಿದಳು. ನದಿಯ ದೋಣಿಯಲ್ಲಿ ಯಾರದ್ದೋ ಮಗು ಕಿರುಚಿ ಅತ್ತಿತು. ಅವಳ ಮೊಣಕಾಲು ತಾನಾಗಿ ಏಳಹೊರಟಿತು. ಕೈಯಿಂದ ಒತ್ತಿ ಕೂರಿಸಿದಳು. 'ಅದರಮ್ಮ ಇದ್ದಾಳೆ. ಕೂತ್ಕೋ ನೀನು.' ತನಗೆ ತಾನೇ ನಕ್ಕಳು.

ಆಗಲೇ ಒಂದು ವಿಚಿತ್ರ ಶುರುವಾಯಿತು.

ಬೀದಿ ಮೂಲೆಯ ಬೇಕರಿಯೊಂದರ ಗಾಜಿನ ಮುಂದೆ ಕಾಲು ತಾನಾಗಿ ನಿಂತಿತು. ಸಾಲಾಗಿ ಇಟ್ಟ ಉದ್ದನೆಯ ಬ್ರೆಡ್ಡುಗಳು. 'ಇದರ ಹೊಟ್ಟೆ ಒಡೆದಿದೆ. ಅವರಾಗಿದ್ರೆ ಮಾರೋಕೇ ಇಡ್ತಿರಲಿಲ್ಲ... ಇದರ ಬಣ್ಣ ನೋಡಿದ್ರೆ ಮಾತ್ರ ಹೊಟ್ಟೆ ಉರ್ಕೋತಿದ್ರು!'

ಅವನಿಗೆ ಹೇಳಬೇಕು ಎನ್ನಿಸಿತು. ಈಗಲೇ!

ಹೇಳಲೇಬೇಕಾದದ್ದು ಇದರಲ್ಲಿ ಏನೂ ಇರಲಿಲ್ಲ. ಹೇಳಬೇಕು ಅನ್ನಿಸಿದ್ದು ಮಾತ್ರ ಬೇಕಾದಷ್ಟಿತ್ತು. ಎಷ್ಟು ವರ್ಷಗಳ ನಂತರ... ಬ್ರೆಡ್ಡನ್ನೇ ನೋಡುತ್ತಾ ನಿಂತವಳ ಕಣ್ಣು ಮಂಜಾಯಿತು.

ಕೋಣೆಗೆ ಓಡಿ ಬಂದು ಫೋನ್ ಮಾಡಿದಳು.

"ಜ್ವರ ಇಲ್ಲ," ಎಂದ ಅವನು ಮೊದಲ ಮಾತಿಗೇ. "ಊಟ ಆಯ್ತು. ಹಲ್ಲು ಇನ್ನೂ ಬಿದ್ದಿಲ್ಲ."

"ಅದಲ್ಲ ರೀ... ಇವತ್ತು ನಾನು ಒಂದು ಬೇಕರಿ..."

"ಇಲ್ಲಿನ ಚಿಂತೆ ಮಾಡಬೇಡ. ಎಲ್ಲಾ ನಡೀತಿದೆ." ಅವನ ದನಿ ಒಣಗಿತ್ತು. "ಗುಬ್ಬಿಗೆ ಕೊಡ್ಲಾ?"

"...ಕೊಡಿ."

"ಅಮ್ಮಾ."

"ಏನು ಬಂಗಾರಿ?"

"ಒಂದು ಕೇಳ್ಲಾ?"

"ಕೇಳು ಮರಿ."

"ಬೇಡ ಬಿಡು. ನೀನು ಅಪ್ಪಂಗೆ ಹೇಳ್ಬಿಡ್ತೀಯ."

"ಇಲ್ಲ ಕಣೋ, ಹೇಳಲ್ಲ..."

"ಹೇಳ್ತೀಯ. ನೀವಿಬ್ರೂ ಎಲ್ಲಾ ಒಬ್ರಿಗೊಬ್ರು ಹೇಳ್ಕೋತೀರ," ಎಂದು ಗುಬ್ಬಿ ಫೋನನ್ನು ಅಪ್ಪನ ಕೈಗಿತ್ತು ಓಡಿದಳು.

ಮರುದಿನವೂ ಹಾಗೆಯೇ. ಅದರ ಮರುದಿನವೂ. "ಅಮ್ಮಾ, ಒಂದು..." ಎನ್ನುತ್ತಿದ್ದಳು. ಅಷ್ಟಕ್ಕೇ ನಿಲ್ಲುತ್ತಿದ್ದಳು.

ಫೋನ್ ಇಟ್ಟ ಮೇಲೂ ಅವಳು ಆ ಅರ್ಧ ಮಾತನ್ನೇ ತಿರುವಿ ಹಾಕುತ್ತಿದ್ದಳು.

*

ಪ್ರವಾಸ ಅರ್ಧ ಮುಗಿದಿತ್ತು. ಬೆಳಿಗ್ಗೆಯೇ ಅತ್ತಿಗೆಯ, ಅಂದರೆ ಅವನ ಅಕ್ಕನ, ಫೋನ್ ಬಂತು. ಅವನು ಕೆಲಸದಲ್ಲಿದ್ದಾಗ ಗುಬ್ಬಿಯ ಜೊತೆ ಇರಲು ಬರುತ್ತಿದ್ದವಳು ಆಕೆಯೇ.

"ಏನಮ್ಮಾ, ಮಹಾರಾಣಿ! ವಾಪಸ್ ಬರೋ ಯೋಚನೆ ಇದೆಯೋ, ಇಲ್ಲ ಅಲ್ಲೇ ಪಟ್ಟಾಭಿಷೇಕವೋ?"

"ಯಾಕೆ ಅತ್ತಿಗೆ, ಏನಾಯ್ತು?"

"ಏನಾಯ್ತಾ? ನಿನ್ನ ಗಂಡ ಒಲೆ ಬಿಟ್ಟ! ಮೇಸ್ತ್ರಿಯಾಗಿದ್ದೋನು ಈಗ ಕೌಂಟರ್‌ನಲ್ಲಿ ನಿಂತು ಬನ್ನು ಕಟ್ಟಿಕೊಡ್ತಿದ್ದಾನೆ. ಹಗಲು ಪಾಳಿ ಬೇಕು ಅಂತ ಮಾಲೀಕನ ಹತ್ರ ತಾನೇ ಕೇಳಿ ಹಾಕಿಸ್ಕೊಂಡನಂತೆ. ರಾತ್ರಿ ನಾನು ಬರೋದೂ ಬೇಡವಂತೆ! 'ಇನ್ನು ನಾನೊಬ್ಬನೇ ನೋಡ್ಕೋಬೇಕಲ್ಲ ಅಕ್ಕ' ಅಂದ. ಏನದರ ಅರ್ಥ? ಹೇಳಮ್ಮ!"

"ಆಮೇಲೆ ಮಾತಾಡ್ತೀನಿ ಅತ್ತಿಗೆ," ಎಂದು ಫೋನ್ ಇಟ್ಟಳು.

ಒಲೆ ಬಿಟ್ಟರಾ? ಬೆಂಕಿಯ ಸದ್ದು ಕೇಳಿಯೇ ಬ್ರೆಡ್ಡು ಬೆಂದಿದೆಯೋ ಇಲ್ಲವೋ ಹೇಳುವ ಮನುಷ್ಯ ಒಲೆ ಬಿಟ್ಟರಾ?

'ನಾನೊಬ್ಬನೇ...' ಅಂದರೆ? ನಾನು ಹೊರಟ ಐದೇ ದಿನಕ್ಕೆ ನನ್ನ ಜಾಗ ತುಂಬಿಸಿಬಿಟ್ಟರಾ? ನಾನಿಲ್ಲದೆ ಎಲ್ಲಾ ನಡೆಯುತ್ತದೆ ಎಂದು ತೋರಿಸುತ್ತಿದ್ದಾರಾ?

ತಕ್ಷಣ ಅವನಿಗೆ ಫೋನ್ ಮಾಡಿದಳು.

"ಒಲೆ ಯಾಕೆ ಬಿಟ್ರಿ?"

ಆ ಕಡೆ ಗಿರಾಕಿಗಳ ಗದ್ದಲ. "ಅಕ್ಕ ಹೇಳಿದ್ಲಾ? ಈಗ ಕೆಲಸದಲ್ಲಿದೀನಿ."

"ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ನೀನು ಕೇಳಿದ್ಯಾ?"

ಅವಳು ಮಂಚದ ಮೇಲೆ ಕೂತಳು.

"ಇಷ್ಟು ಬೇಗ ನಾನು ಬೇಡವಾಗಿಬಿಟ್ನಾ ರೀ?"

"ನೀನು ಬೇಡವಾದ್ಯಾ? ನೀನಾ!" ಅವನು ನಕ್ಕ. ಕೇಳಲಾರದ ನಗು ಅದು. "ಎಲ್ಲಾ ಒಪ್ಪಿಸಿ ಹೋದೋಳು ನೀನು. ನಾನು ಬರೀ ವಹಿಸ್ಕೊಂಡೆ, ಅಷ್ಟೇ... ಬಂದೆ ಸಾರ್, ಎರಡು ಬನ್ನಾ?"

ಫೋನ್ ಇಟ್ಟುಬಿಟ್ಟ.

ಅವಳು ಮಂಚದ ಅಂಚಿನಲ್ಲಿ ಕೂತೇ ಇದ್ದಳು. ಪೆಟ್ಟಿಗೆ ಕಟ್ಟಿ ಈಗಲೇ ಹೊರಡಲೇ? ಬಟ್ಟೆ ತುಂಬಿಯೂ ಆಗಿತ್ತು. ಆದರೆ ಹೆದರಿ ಓಡಿ ಹೋದರೆ ಮತ್ತೆ ಅದೇ ಹೊಸ್ತಿಲು, ಅದೇ ನಾಲ್ಕು ಮಾತು. 'ಇಲ್ಲ. ಏನು ಹೇಳಬೇಕೆಂದು ತಿಳಿದುಕೊಂಡೇ ಹೋಗುತ್ತೇನೆ.'

ಬಟ್ಟೆಗಳನ್ನು ಮತ್ತೆ ಹೊರತೆಗೆದಳು. ಉಳಿದ ದಿನಗಳೆಲ್ಲ ನಡೆದಳು. ಸೇತುವೆ, ಸಂತೆ, ಹೆಸರು ಓದಲಾಗದ ಬೀದಿಗಳು... ನಡೆಯುತ್ತಾ ಮನಸ್ಸಿನಲ್ಲೇ ಅವನೊಡನೆ ಜಗಳವಾಡಿದಳು, ಒಬ್ಬಳೇ ಗೆದ್ದಳು, ಒಬ್ಬಳೇ ಅತ್ತಳು.

*

ಅವಳು ಮನೆ ಮುಟ್ಟಿದಾಗ ಮಧ್ಯಾಹ್ನದ ಬಿಸಿಲು ಮೆಟ್ಟಿಲ ಮೇಲಿತ್ತು. ಬಾಗಿಲು ತೆರೆದವನು ಅವನೇ, ಕೌಂಟರಿಗೆ ರಜೆ ಹಾಕಿ ಮನೆಯಲ್ಲಿದ್ದ. ಇಳಿದು ಹೋದ ಮುಖ. ಕ್ಷೌರವಿಲ್ಲದ ಗಲ್ಲ.

ಅವನು ಪೆಟ್ಟಿಗೆಯತ್ತ ನೋಡಿದ. ಕೈ ಚಾಚಲಿಲ್ಲ.

"ಇದನ್ನ... ಒಳಗೆ ತರ್ಲಾ?"

"ಮತ್ತೆಲ್ಲಿಡ್ತೀರಿ? ಬೀದೀಲಾ?"

"ನಂಗೇನು ಗೊತ್ತು. ಉಳಿದ ಸಾಮಾನು ತಗೊಂಡು ಹೋಗೋಕೆ ಬಂದಿರಬಹುದು ಅಂತ..."

ಅವಳಿಗೆ ಎಲ್ಲಿತ್ತೋ ಸಿಟ್ಟು! ಪೆಟ್ಟಿಗೆಯನ್ನು ತಾನೇ ಎಳೆದು ಒಳಗೆ ನೂಕಿದಳು. ಅದು ಗೋಡೆಗೆ ಬಡಿದು ಅಡ್ಡಬಿತ್ತು.

"ಏನು ಸಾಮಾನು ರೀ? ನಾನು ಮನೆ ಬಿಟ್ಟು ಹೋಗ್ತಿದೀನಿ ಅಂತ ನಿಮಗೆ ಯಾರು ಹೇಳಿದ್ರು?"

"ನೀನೇ!"

"ನಾನಾ?"

"ಮೇಜಿನ ಮುಂದೆ ಕೂತು ಹೇಳಿದೆಯಲ್ಲ! ಹುಟ್ಟಿದ ತೂಕ, ಕಿವಿ, ಜ್ವರ..." ಅವನು ಬೆರಳು ಮಡಚಿ ಎಣಿಸಿದ. "ಮೈ ಸೆಟೆದುಕೊಂಡಿತ್ತು ಅಂತ ನಂಗೆ ಹೇಳ್ತೀಯಾ? ಅವತ್ತು ಅವಳನ್ನ ಎತ್ಕೊಂಡು ಬರಿಗಾಲಲ್ಲಿ ನಿನ್ನ ಆಸ್ಪತ್ರೆಗೆ ಓಡಿ ಬಂದೋನು ಯಾರು? ಯಾರೋ ಗೊತ್ತಿಲ್ಲದೋರಿಗೆ ಹೇಳೋ ಹಾಗೆ ಹೇಳಿದೆ. ಮೊದಲಿನಿಂದ ಎಲ್ಲಾ ಹೇಳೋದು ಯಾವಾಗ? ನೀನೇ ಕಲಿಸಿದ್ದು ನಂಗೆ. ವಾಪಸ್ ಬರೋರು ಹಾಗೆ ಹೇಳಲ್ಲ!"

ಆ ಸಂಜೆಯ ಮಾತುಗಳೆಲ್ಲ ಅವಳಿಗೆ ನೆನಪಾದವು.

ಅಯ್ಯೋ... ಅಯ್ಯೋ ದೇವರೇ!

"ರೀ..." ಅವಳು ತಲೆ ಅಲ್ಲಾಡಿಸಿದಳು. "ನಾನು ಒಪ್ಪಿಸ್ಲಿಲ್ಲ ರೀ. ಮಾತು ಮುಗಿದ್ರೆ ನೀವು ಎದ್ದು ಹೋಗ್ತೀರಲ್ಲ, ಅದಕ್ಕೇ ನಿಲ್ಲಿಸ್ಲಿಲ್ಲ. ಗೊತ್ತಿರೋದು, ಗೊತ್ತಿಲ್ಲದ್ದು, ಬಾಯಿಗೆ ಬಂದಿದ್ದೆಲ್ಲಾ ಹೇಳ್ತಾ ಹೋದೆ. ನಡುವೆ ಒಂದ್ಸಲ 'ಯಾಕೆ ಹೋಗ್ತೀಯ' ಅಂತ ಕೇಳ್ತೀರೇನೋ ಅಂತ ಕಾಯ್ತಿದ್ದೆ."

"ಕೇಳಿದ್ರೆ ಉತ್ತರ ಹೇಳ್ಬಿಡ್ತೀಯಲ್ಲ." ಅವನು ಮುಖ ತಿರುಗಿಸಿದ. "ಆ ಭಯಕ್ಕೇ ಕೇಳ್ಲಿಲ್ಲ."

ನಲ್ಲಿಯಿಂದ ಹನಿ ಬೀಳುವುದು ಕೇಳುತ್ತಿತ್ತು.

"ಈಗ ಕೇಳಿ," ಎಂದಳು ಮೆಲ್ಲಗೆ.

"ಯಾಕೆ ಹೋದೆ?"

ಅವಳು ಹೇಳಿದಳು. ಸೋಪಿನ ನೊರೆಯಲ್ಲಿ ನಿಂತು, ಯಾರೂ ಕರೆಯದಿದ್ದರೂ ಓಗೊಟ್ಟಿದ್ದನ್ನು. ಬಿಸಿ ಸೂಪನ್ನು. ಅಳುವ ಮಗುವಿಗೆ ಏಳದೆ ಕೂತದ್ದನ್ನು. ಆಮೇಲೆ ಬೇಕರಿಯ ಗಾಜಿನ ಮುಂದೆ ನಿಂತದ್ದನ್ನು.

"ಇಡೀ ಊರು ತಿರುಗಿದೆ ರೀ. ಏನು ನೋಡಿದ್ರೂ ನಿಮಗೆ ಹೇಳಬೇಕು ಅನ್ನಿಸ್ತಿತ್ತು. ನಿಮ್ಮಿಂದ ದೂರ ಹೋಗಿರಲಿಲ್ಲ ನಾನು. ಮನೆಯೊಳಗೇ ನಿಮ್ಮನ್ನ ಕಳ್ಕೊಂಡಿದ್ದೆ. ಅಲ್ಲಿಗೆ ಹೋದ್ಮೇಲೆ ಗೊತ್ತಾಯ್ತು."

ಅವನು ಅಂಗೈಯಿಂದ ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ.

"ಹೊಟ್ಟೆ ಒಡೆದಿತ್ತಾ ಬ್ರೆಡ್ಡು?"

"ಹೂಂ. ಎರಡು."

"ಹಿಟ್ಟು ಸರಿಯಾಗಿ ಉಬ್ಬೋಕೆ ಬಿಟ್ಟಿಲ್ಲ, ಅವಸರಕ್ಕೆ ಒಲೆಗೆ ಹಾಕಿದ್ದಾರೆ. ಅಯೋಗ್ಯರು."

ಅವಳು ಅಳುತ್ತಲೇ ನಕ್ಕಳು. ಅವನು ಒಂದು ಹೆಜ್ಜೆ ಮುಂದೆ ಬಂದ. ಅವಳ ಹಣೆ ಅವನ ಭುಜಕ್ಕೆ ತಾಗಿತು. ಇಬ್ಬರಲ್ಲಿ ಯಾರೂ ಹೊರಡಬೇಕಾಗಿರಲಿಲ್ಲ.

"ಒಲೆಗೆ ವಾಪಸ್ ಹೋಗಿ," ಎಂದಳು ಆ ಭುಜದಲ್ಲೇ. "ಬನ್ನು ಕಟ್ಟೋಕೆ ಹುಟ್ಟಿಲ್ಲ ನೀವು."

"ಹೋಗ್ತೀನಿ. ಆದ್ರೆ ವಾರದ ರಜೆ ಇಬ್ಬರಿಗೂ ಒಂದೇ ದಿನ. ಇಲ್ಲಾಂದ್ರೆ ನಿನ್ನ ಮೇಟ್ರನ್ ಹತ್ರ ನಾನೇ ಬಂದು ಜಗಳ ಆಡ್ತೀನಿ."

"ನನ್ನದೂ ಒಂದು ಮಾತಿದೆ. ಮುಂದಿನ ವರ್ಷವೂ ಹೋಗ್ತೀನಿ."

"ಒಬ್ಬಳೇನಾ?"

"ಒಬ್ಬಳೇ."

ಅವನು ಅಡ್ಡಬಿದ್ದ ಪೆಟ್ಟಿಗೆಯತ್ತ ಒಮ್ಮೆ ನೋಡಿದ.

"ಹೋಗಿ ಬಾ," ಎಂದ.

ಮೆಟ್ಟಿಲಲ್ಲಿ ಶೂಗಳ ಟಪಟಪ ಸದ್ದು. ಹಿಂದೆಯೇ ಅತ್ತಿಗೆಯ ಏದುಸಿರು. "ನಿಧಾನ ಕಣೇ, ನನ್ನ ಮಂಡಿ!"

ಬಾಗಿಲು ತಳ್ಳಿದ ಗುಬ್ಬಿ ಅಲ್ಲೇ ನಿಂತುಬಿಟ್ಟಳು. ಅಡ್ಡಬಿದ್ದ ಪೆಟ್ಟಿಗೆಯನ್ನು ನೋಡಿದಳು. ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಓಡಿ ಬರಲಿಲ್ಲ.

"ಗುಬ್ಬೀ! ಬಾ ಬಂಗಾರಿ..." ಅವಳು ಕೈ ಚಾಚಿದಳು.

"ಅಪ್ಪ ಈಗ ಹೊರಡ್ತಾನಾ?"

"ಇಲ್ಲ ಕಣೋ," ಎಂದ ಅವನು.

"ಅಮ್ಮ?"

"ನಾನೂ ಎಲ್ಲಿಗೂ ಹೋಗಲ್ಲ."

"ಇಬ್ರೂ ಇರ್ತೀರಾ? ಒಟ್ಟಿಗೆ?"

"ಇಬ್ಬರೂ."

ಹಿಂದಿನಿಂದ ಏನೋ ಹೇಳಲು ಬಾಯಿ ತೆರೆದ ಅತ್ತಿಗೆ, ಮಗುವಿನ ಬೆನ್ನು ನೋಡಿ ಬಾಯಿ ಮುಚ್ಚಿಕೊಂಡಳು.

ಗುಬ್ಬಿ ಚೀಲವನ್ನು ಹೆಗಲಿನಿಂದ ಇಳಿಸಿದಳು. ಅದರ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಾಗಾದ್ರೆ ಈಗ ಕೇಳ್ತೀನಿ. ಒಬ್ರೇ ಇದ್ದಾಗ ಕೇಳಿದ್ರೆ ನೀವು ಇನ್ನೊಬ್ರಿಗೆ ಹೇಳ್ತೀರ, ಅವರಿಗೆ ಬೇಜಾರಾಗುತ್ತೆ. ಅದಕ್ಕೇ ಕೇಳಿರಲಿಲ್ಲ."

ಅವಳು ಮೊಣಕಾಲೂರಿ ನೆಲಕ್ಕೆ ಕೂತಳು. ಪಕ್ಕದಲ್ಲಿ ಅವನೂ ಕೂತ. ಅವನ ಕೈ ಅವಳ ಕೈಯನ್ನು ಹುಡುಕಿ ಹಿಡಿಯಿತು.

"ಕೇಳು ಮರಿ," ಎಂದಳು ಅವಳು.

"ಏನಿದ್ರೂ ಕೇಳು," ಎಂದ ಅವನು.

ಗುಬ್ಬಿ ಅಳಲಿಲ್ಲ. ಒಮ್ಮೆ ಉಗುಳು ನುಂಗಿ, ಇಬ್ಬರನ್ನೂ ಒಟ್ಟಿಗೆ ನೋಡುತ್ತಾ, ಗಟ್ಟಿಯಾಗಿಯೇ ಕೇಳಿದಳು.

"ಅಮ್ಮ, ನೀನು ಅಷ್ಟು ದೂರ ಹೋಗಿದ್ದು ನನ್ನಿಂದಾನಾ?"